ಲಿಂಡನ್ ಬಿ. ಜಾನ್ಸನ್

ಲಿಂಡನ್ ಬೇನ್ಸ್ ಜಾನ್ಸನ್ (ಆಗಸ್ಟ್ 27, 1908 – ಜನವರಿ 22, 1973) ಅಮೆರಿಕ ಸಂಯುಕ್ತ ಸಂಸ್ಥಾನದ 36ನೆಯ ಅಧ್ಯಕ್ಷರು. ಡೆಮಾಕ್ರಟಿಕ್ ಪಕ್ಷಕ್ಕೆ ಸೇರಿದ ಇವರು 1963ರ ನವೆಂಬರ್ 22ರಿಂದ 1969ರ ಜನವರಿ 20ರವರೆಗೆ ಅಧಿಕಾರದಲ್ಲಿದ್ದರು. ಜನಾಂಗೀಯ ತಾರತಮ್ಯವನ್ನು ನಿಷೇಧಿಸಿದ ನಾಗರಿಕ ಹಕ್ಕುಗಳ ಕಾಯಿದೆ, ವೃದ್ಧರ ಆರೋಗ್ಯ ವಿಮೆ, ಬಡತನ ನಿವಾರಣಾ ಕಾರ್ಯಕ್ರಮ ಮೊದಲಾದ ಸುಧಾರಣೆಗಳು ಇವರ ಹೆಸರಿನೊಡನೆ ಸೇರಿಕೊಂಡಿವೆ. ವಿಯೆಟ್ನಾಂನಲ್ಲಿದ್ದ ಸಣ್ಣ ಪ್ರಮಾಣದ ಅಮೆರಿಕನ್ ಸೇನಾ ನೆರವು ಐದು ಲಕ್ಷಕ್ಕೂ ಮಿಕ್ಕಿದ ಸೈನಿಕರ ದೀರ್ಘ ಯುದ್ಧವಾಗಿ ಬೆಳೆದದ್ದೂ ಇವರ ಕಾಲದಲ್ಲಿಯೇ. ಸಮಾಜ ಸುಧಾರಣೆ ಮತ್ತು ಯುದ್ಧ ಎರಡನ್ನೂ ತೆರಿಗೆ ಹೆಚ್ಚಿಸದೆ ಏಕಕಾಲಕ್ಕೆ ನಡೆಸಲು ಜಾನ್ಸನ್ ಯತ್ನಿಸಿದರು. ಆ ಯತ್ನ ವಿಫಲವಾದದ್ದು ಅವರ ರಾಜಕೀಯ ಜೀವನದ ಅಂತ್ಯಕ್ಕೂ ಅಮೆರಿಕದ ಆರ್ಥಿಕತೆಯ ಬಿಕ್ಕಟ್ಟಿಗೂ ಕಾರಣವಾಯಿತು.

ಬಾಲ್ಯ ಮತ್ತು ಶಿಕ್ಷಣ

ಜಾನ್ಸನ್ ಅವರು ಟೆಕ್ಸಾಸ್ ರಾಜ್ಯದ ಸ್ಟೋನ್‌ವಾಲ್ ಬಳಿ, ಪೆಡರ್ನೇಲ್ಸ್ ನದಿಯ ದಡದ ಒಂದು ಹೊಲಮನೆಯಲ್ಲಿ ಜನಿಸಿದರು. ತಂದೆ ಸ್ಯಾಮ್ ಈಲಿ ಜಾನ್ಸನ್ ರಾಜ್ಯ ಶಾಸನ ಸಭೆಯ ಸದಸ್ಯರಾಗಿದ್ದರು. ತಾಯಿ ರೆಬೆಕಾ ಬೇನ್ಸ್. ಐವರು ಮಕ್ಕಳಲ್ಲಿ ಲಿಂಡನ್ ಹಿರಿಯವರು. ಬೇಸಾಯದಲ್ಲಿ ನಷ್ಟ ಹೊಂದಿದ ತಂದೆ ಸಾಲದಲ್ಲಿ ಮುಳುಗಿದುದರಿಂದ ಕುಟುಂಬವು ಬಡತನವನ್ನು ಅನುಭವಿಸಬೇಕಾಯಿತು. ಆ ಗುಡ್ಡಗಾಡು ಪ್ರದೇಶಕ್ಕೆ ವಿದ್ಯುತ್ ಸಂಪರ್ಕವೂ ಇರಲಿಲ್ಲ.

1924ರಲ್ಲಿ ಪ್ರೌಢಶಾಲೆ ಮುಗಿಸಿದ ಜಾನ್ಸನ್ ಕೆಲಕಾಲ ಕ್ಯಾಲಿಫೋರ್ನಿಯಾದಲ್ಲಿ ಸಣ್ಣಪುಟ್ಟ ಕೆಲಸಗಳನ್ನು ಮಾಡಿ ಹಿಂದಿರುಗಿ, ಸ್ಯಾನ್ ಮಾರ್ಕೋಸ್‌ನ ಶಿಕ್ಷಕರ ಕಾಲೇಜನ್ನು ಸೇರಿದರು. ಶುಲ್ಕಕ್ಕೆ ಹಣ ಹೊಂದಿಸಲು ನಡುವೆ ಓದು ನಿಲ್ಲಿಸಿ, 1928–29ರಲ್ಲಿ ಮೆಕ್ಸಿಕೋ ಗಡಿಗೆ ಸಮೀಪದ ಕೊಟುಲ್ಲಾ ಎಂಬ ಊರಿನಲ್ಲಿ ಶಾಲಾ ಶಿಕ್ಷಕರಾದರು. ಅಲ್ಲಿಯ ವಿದ್ಯಾರ್ಥಿಗಳು ಮೆಕ್ಸಿಕೋ ಮೂಲದ ಕೂಲಿಕಾರರ ಮಕ್ಕಳು. ಹಲವರು ಹಸಿದ ಹೊಟ್ಟೆಯಲ್ಲಿ ಶಾಲೆಗೆ ಬರುತ್ತಿದ್ದರು. ಈ ಅನುಭವವನ್ನು ಜಾನ್ಸನ್ ಮುಂದೆ ಅಧ್ಯಕ್ಷರಾದಾಗಲೂ ನೆನೆಯುತ್ತಿದ್ದರು. 1930ರಲ್ಲಿ ಪದವಿ ಪಡೆದ ಬಳಿಕ ಹ್ಯೂಸ್ಟನ್ ನಗರದ ಪ್ರೌಢಶಾಲೆಯೊಂದರಲ್ಲಿ ಚರ್ಚಾಕಲೆಯನ್ನು ಕಲಿಸಿದರು.

ರಾಜಕೀಯ ಪ್ರವೇಶ

1931ರಲ್ಲಿ ಸಂಸತ್ ಸದಸ್ಯ ರಿಚರ್ಡ್ ಕ್ಲೆಬರ್ಗ್ ಅವರ ಕಾರ್ಯದರ್ಶಿಯಾಗಿ ಜಾನ್ಸನ್ ವಾಷಿಂಗ್ಟನ್‌ಗೆ ತೆರಳಿದರು. 1934ರಲ್ಲಿ ಕ್ಲಾಡಿಯಾ ಆಲ್ಟಾ ಟೇಲರ್ ಅವರನ್ನು ವಿವಾಹವಾದರು. 'ಲೇಡಿ ಬರ್ಡ್' ಎಂಬ ಹೆಸರಿನಿಂದ ಪ್ರಸಿದ್ಧರಾದ ಇವರಿಂದ ಲಿಂಡಾ ಮತ್ತು ಲೂಸಿ ಎಂಬ ಇಬ್ಬರು ಹೆಣ್ಣುಮಕ್ಕಳು ಜನಿಸಿದರು. 1935ರಲ್ಲಿ ರಾಷ್ಟ್ರೀಯ ಯುವಜನ ಆಡಳಿತ ಸಂಸ್ಥೆಯ ಟೆಕ್ಸಾಸ್ ಶಾಖೆಯ ಮುಖ್ಯಸ್ಥರಾಗಿ, ಆರ್ಥಿಕ ಮಹಾಕುಸಿತದಿಂದ ಕೆಲಸ ಕಳೆದುಕೊಂಡ ಯುವಕರಿಗೆ ಉದ್ಯೋಗ ಕಲ್ಪಿಸಿದರು.

1937ರ ಉಪಚುನಾವಣೆಯಲ್ಲಿ ಅಮೆರಿಕದ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಗೆ ಆಯ್ಕೆಯಾದರು. ಅಧ್ಯಕ್ಷ ಫ್ರಾಂಕ್ಲಿನ್ ರೂಸ್ವೆಲ್ಟ್ ಅವರ ನೆರವಿನಿಂದ ತಮ್ಮ ಕ್ಷೇತ್ರದ ಗುಡ್ಡಗಾಡಿಗೆ ವಿದ್ಯುತ್ ಮಾರ್ಗಗಳನ್ನು ತರಿಸಿದ್ದು ಅವರ ಮೊದಲ ದೊಡ್ಡ ಸಾಧನೆ. 1948ರಲ್ಲಿ ಮೇಲ್ಮನೆಯಾದ ಸೆನೆಟ್‌ಗೆ ನಡೆದ ಪಕ್ಷದ ಆಂತರಿಕ ಚುನಾವಣೆಯಲ್ಲಿ ಚಲಾವಣೆಯಾದ ಸುಮಾರು ಹತ್ತು ಲಕ್ಷ ಮತಗಳಲ್ಲಿ ಕೇವಲ 87 ಮತಗಳ ಅಂತರದಿಂದ ಗೆದ್ದರು. ಒಂದು ಮತಪೆಟ್ಟಿಗೆಯಲ್ಲಿ ಮತಗಳನ್ನು ನಂತರ ಸೇರಿಸಲಾಗಿತ್ತೆಂಬ ಆರೋಪ ಈ ಗೆಲುವಿಗೆ ಅಂಟಿಕೊಂಡಿತು.

ಸೆನೆಟ್‌ನಲ್ಲಿ ಜಾನ್ಸನ್ ಬಹುಬೇಗ ಮೇಲೇರಿದರು. 1953ರಲ್ಲಿ ಅಲ್ಪಸಂಖ್ಯಾತ ಪಕ್ಷದ ನಾಯಕರಾಗಿ, 1955ರಲ್ಲಿ ಬಹುಮತ ಪಕ್ಷದ ನಾಯಕರಾಗಿ ಆಯ್ಕೆಯಾದರು. ಎದುರಿಗಿರುವವರ ಅಗತ್ಯವನ್ನೂ ದೌರ್ಬಲ್ಯವನ್ನೂ ಅರಿತು ಮತಗಳನ್ನು ಒಗ್ಗೂಡಿಸುವುದರಲ್ಲಿ ಅವರು ನಿಷ್ಣಾತರಾಗಿದ್ದರು. 1957ರ ನಾಗರಿಕ ಹಕ್ಕುಗಳ ಕಾಯಿದೆ ಅವರ ಪ್ರಯತ್ನದಿಂದ ಅಂಗೀಕಾರವಾಯಿತು. 1955ರ ಜುಲೈನಲ್ಲಿ ತೀವ್ರ ಹೃದಯಾಘಾತಕ್ಕೆ ಒಳಗಾದರೂ ಚೇತರಿಸಿಕೊಂಡರು.

ಉಪಾಧ್ಯಕ್ಷರಾಗಿ

1960ರ ಚುನಾವಣೆಯಲ್ಲಿ ಜಾನ್ ಎಫ್. ಕೆನಡಿ ಅಧ್ಯಕ್ಷರಾಗಿಯೂ ಜಾನ್ಸನ್ ಉಪಾಧ್ಯಕ್ಷರಾಗಿಯೂ ಆಯ್ಕೆಯಾದರು. 1961ರ ಮೇ ತಿಂಗಳಲ್ಲಿ ಕೈಗೊಂಡ ಏಷ್ಯಾ ಪ್ರವಾಸದಲ್ಲಿ ಜಾನ್ಸನ್ ದಕ್ಷಿಣ ವಿಯೆಟ್ನಾಂನ ರಾಜಧಾನಿ ಸೈಗಾನ್‌ಗೂ ನವದೆಹಲಿಗೂ ಭೇಟಿ ನೀಡಿದರು. ಮುಂದೆ ಅವರ ಅಧ್ಯಕ್ಷಗಿರಿಯನ್ನೇ ನುಂಗಲಿದ್ದ ದೇಶವನ್ನು ಅವರು ಮೊದಲು ಕಂಡದ್ದು ಆಗಲೇ.

1963ರ ನವೆಂಬರ್ 22ರಂದು ಡಲ್ಲಾಸ್ ನಗರದಲ್ಲಿ ಕೆನಡಿ ಅವರ ಹತ್ಯೆಯಾಯಿತು. ಅದೇ ದಿನ ಮಧ್ಯಾಹ್ನ ಅಧ್ಯಕ್ಷರ ವಿಮಾನದೊಳಗೆ ಜಾನ್ಸನ್ ಪ್ರಮಾಣವಚನ ಸ್ವೀಕರಿಸಿದರು. ಆ ಸಮಯಕ್ಕೆ ದಕ್ಷಿಣ ವಿಯೆಟ್ನಾಂನಲ್ಲಿ ಸುಮಾರು 16,000 ಅಮೆರಿಕನ್ ಸೇನಾ ಸಲಹೆಗಾರರಿದ್ದರು.

ಮಹಾ ಸಮಾಜದ ಕನಸು

ಅಮೆರಿಕದಲ್ಲಿ ಬಡತನವನ್ನೂ ಜನಾಂಗೀಯ ಅನ್ಯಾಯವನ್ನೂ ಕೊನೆಗಾಣಿಸುವ ತಮ್ಮ ಯೋಜನೆಯನ್ನು ಜಾನ್ಸನ್ 'ಮಹಾ ಸಮಾಜ' ಎಂದು ಕರೆದರು. 1964ರ ಜುಲೈ 2ರಂದು ಅವರು ಸಹಿ ಹಾಕಿದ ನಾಗರಿಕ ಹಕ್ಕುಗಳ ಕಾಯಿದೆಯು ಹೋಟೆಲು, ಚಿತ್ರಮಂದಿರ ಮೊದಲಾದ ಸಾರ್ವಜನಿಕ ಸ್ಥಳಗಳಲ್ಲಿಯೂ ಉದ್ಯೋಗದಲ್ಲಿಯೂ ವರ್ಣಭೇದವನ್ನು ನಿಷೇಧಿಸಿತು. ಅದೇ ವರ್ಷದ ನವೆಂಬರ್ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷದ ಬ್ಯಾರಿ ಗೋಲ್ಡ್‌ವಾಟರ್ ಅವರನ್ನು ಶೇ. 61ರಷ್ಟು ಜನಮತ ಪಡೆದು ಸೋಲಿಸಿದರು. ಯುದ್ಧವನ್ನು ವಿಸ್ತರಿಸದ ಸಂಯಮಿ ಎಂಬ ವರ್ಚಸ್ಸೂ ಈ ಗೆಲುವಿಗೆ ನೆರವಾಗಿತ್ತು.

1965ರಲ್ಲಿ ಕಾಯಿದೆಗಳ ಪ್ರವಾಹವೇ ಹರಿಯಿತು. ಏಪ್ರಿಲ್‌ನಲ್ಲಿ ಬಡ ಮಕ್ಕಳ ಶಾಲೆಗಳಿಗೆ ಕೇಂದ್ರದ ಅನುದಾನ ನೀಡುವ ಶಿಕ್ಷಣ ಕಾಯಿದೆ, ಜುಲೈನಲ್ಲಿ ವೃದ್ಧರಿಗಾಗಿ ಮೆಡಿಕೇರ್ ಹಾಗೂ ಬಡವರಿಗಾಗಿ ಮೆಡಿಕೇಡ್ ಎಂಬ ವೈದ್ಯಕೀಯ ನೆರವು, ಆಗಸ್ಟ್‌ನಲ್ಲಿ ಕಪ್ಪು ಜನರ ಮತದಾನಕ್ಕೆ ರಕ್ಷಣೆ ನೀಡಿದ ಮತದಾನ ಹಕ್ಕುಗಳ ಕಾಯಿದೆ ಜಾರಿಗೆ ಬಂದವು. ಅಕ್ಟೋಬರ್‌ನ ವಲಸೆ ಕಾಯಿದೆಯು ಮೂಲದೇಶದ ಆಧಾರದ ಮೇಲಿದ್ದ ಹಳೆಯ ಮಿತಿಗಳನ್ನು ರದ್ದುಗೊಳಿಸಿತು. ಅದುವರೆಗೆ ವರ್ಷಕ್ಕೆ 100 ಭಾರತೀಯರಿಗಷ್ಟೇ ಕೋಟಾ ಇತ್ತು; ಕನ್ನಡಿಗರೂ ಸೇರಿದಂತೆ ಭಾರತದ ವೈದ್ಯರು, ಎಂಜಿನಿಯರುಗಳು ದೊಡ್ಡ ಸಂಖ್ಯೆಯಲ್ಲಿ ಅಮೆರಿಕಕ್ಕೆ ವಲಸೆ ಹೋಗಲು ಈ ಕಾಯಿದೆಯೇ ದಾರಿ ತೆರೆಯಿತು. 1964ರಲ್ಲಿ ಶೇ. 19ರಷ್ಟಿದ್ದ ಅಮೆರಿಕದ ಬಡತನದ ಪ್ರಮಾಣ 1969ರ ವೇಳೆಗೆ ಶೇ. 12ರ ಸಮೀಪಕ್ಕೆ ಇಳಿಯಿತು.

ವಿಯೆಟ್ನಾಂ ಯುದ್ಧದ ವಿಸ್ತರಣೆ

1954ರ ಜಿನೀವಾ ಒಪ್ಪಂದದ ನಂತರ ವಿಯೆಟ್ನಾಂ ಉತ್ತರ ಮತ್ತು ದಕ್ಷಿಣ ಭಾಗಗಳಾಗಿ ಒಡೆದಿತ್ತು. ಉತ್ತರದ ಕಮ್ಯುನಿಸ್ಟ್ ಸರ್ಕಾರದ ಬೆಂಬಲ ಪಡೆದ ಗೆರಿಲ್ಲಾ ಪಡೆಗಳು ದಕ್ಷಿಣದ ಸರ್ಕಾರದ ವಿರುದ್ಧ ಹೋರಾಡುತ್ತಿದ್ದವು. ದಕ್ಷಿಣ ವಿಯೆಟ್ನಾಂ ಕೈಬಿಟ್ಟರೆ ಆಗ್ನೇಯ ಏಷ್ಯಾದ ಉಳಿದ ದೇಶಗಳೂ ಒಂದರ ಹಿಂದೊಂದರಂತೆ ಕಮ್ಯುನಿಸ್ಟರ ವಶವಾಗುತ್ತವೆಂಬುದು ಅಂದಿನ ಅಮೆರಿಕನ್ ನೀತಿಯ ನಂಬಿಕೆ. ಇದರೊಡನೆ, ಸೋಲಿನ ಅಪವಾದ ಬಂದರೆ ಸಂಸತ್ತು ತಮ್ಮ ಸುಧಾರಣೆಗಳನ್ನೂ ತಡೆಯುತ್ತದೆಂಬ ಭಯ ಜಾನ್ಸನ್ ಅವರಿಗಿತ್ತು.

1964ರ ಆಗಸ್ಟ್ 2ರಂದು ಟೊಂಕಿನ್ ಕೊಲ್ಲಿಯಲ್ಲಿ ಅಮೆರಿಕದ ಯುದ್ಧನೌಕೆಯ ಮೇಲೆ ಉತ್ತರ ವಿಯೆಟ್ನಾಂನ ದೋಣಿಗಳು ದಾಳಿ ನಡೆಸಿದವು. ಆಗಸ್ಟ್ 4ರಂದು ಇನ್ನೊಂದು ದಾಳಿ ನಡೆಯಿತೆಂಬ ವರದಿ ಬಂದಿತು. ಈ ಎರಡನೆಯ ದಾಳಿ ನಡೆದೇ ಇರಲಿಲ್ಲವೆಂಬುದು ದಶಕಗಳ ನಂತರ ಬಹಿರಂಗಗೊಂಡ ಸರ್ಕಾರಿ ದಾಖಲೆಗಳಿಂದ ಸ್ಪಷ್ಟವಾಗಿದೆ. ಆದರೆ ಆಗಸ್ಟ್ 7ರಂದು ಸಂಸತ್ತು ಅಗತ್ಯವಾದ ಎಲ್ಲ ಸೇನಾ ಕ್ರಮಗಳನ್ನು ಕೈಗೊಳ್ಳುವ ಅಧಿಕಾರವನ್ನು ಅಧ್ಯಕ್ಷರಿಗೆ ನೀಡಿತು. ಪ್ರತಿನಿಧಿ ಸಭೆಯಲ್ಲಿ ಒಂದೂ ವಿರೋಧ ಮತ ಬೀಳಲಿಲ್ಲ. ಸೆನೆಟ್‌ನಲ್ಲಿ ವಿರೋಧಿಸಿದವರು ಇಬ್ಬರು ಮಾತ್ರ. ಯುದ್ಧ ಘೋಷಣೆಯಿಲ್ಲದೆಯೇ ಯುದ್ಧ ನಡೆಯಲು ಈ ನಿರ್ಣಯ ಆಧಾರವಾಯಿತು.

1965ರ ಮಾರ್ಚ್ 2ರಂದು ಉತ್ತರ ವಿಯೆಟ್ನಾಂ ಮೇಲೆ ನಿರಂತರ ಬಾಂಬ್ ದಾಳಿ ಆರಂಭವಾಯಿತು. ಮಾರ್ಚ್ 8ರಂದು ನೌಕಾಪದಾತಿ ದಳದ ಸುಮಾರು 3,500 ಯೋಧರು ಡಾ ನಾಂಗ್‌ನಲ್ಲಿ ಇಳಿದರು. ಏಪ್ರಿಲ್‌ನಲ್ಲಿ ಜಾನ್ಸನ್, ಮೆಕಾಂಗ್ ನದಿ ಪ್ರದೇಶದ ಅಭಿವೃದ್ಧಿಗೆ ನೂರು ಕೋಟಿ ಡಾಲರ್ ನೆರವು ನೀಡುವುದಾಗಿಯೂ ಉತ್ತರ ವಿಯೆಟ್ನಾಂ ಸಹ ಅದರಲ್ಲಿ ಪಾಲ್ಗೊಳ್ಳಬಹುದೆಂದೂ ಪ್ರಸ್ತಾಪಿಸಿದರು. ಉತ್ತರ ವಿಯೆಟ್ನಾಂ ಇದನ್ನು ಒಪ್ಪಲಿಲ್ಲ. ಜುಲೈ 28ರಂದು ಸೈನಿಕರ ಸಂಖ್ಯೆಯನ್ನು 75,000ದಿಂದ 1,25,000ಕ್ಕೆ ಏರಿಸುವುದಾಗಿ ಘೋಷಿಸಿದರು. ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿ ಮತ್ತು ವಿದೇಶಾಂಗ ಇಲಾಖೆಯ ಜಾರ್ಜ್ ಬಾಲ್ ಆ ವರ್ಷವೇ ವಿಸ್ತರಣೆಯ ಅಪಾಯಗಳನ್ನು ಲಿಖಿತವಾಗಿ ಎಚ್ಚರಿಸಿದ್ದರೂ ಅವರ ಸಲಹೆ ಪರಿಗಣನೆಗೆ ಬರಲಿಲ್ಲ. ಜಾನ್ಸನ್ ಅವರಿಗೇ ಗೆಲುವಿನ ಬಗ್ಗೆ ಸಂದೇಹವಿತ್ತೆಂಬುದು 1964ರ ಅವರ ದೂರವಾಣಿ ಸಂಭಾಷಣೆಗಳ ಧ್ವನಿಮುದ್ರಣಗಳಿಂದ ತಿಳಿದುಬರುತ್ತದೆ. ವಿಯೆಟ್ನಾಂನಲ್ಲಿದ್ದ ಅಮೆರಿಕನ್ ಸೈನಿಕರ ಸಂಖ್ಯೆ 1965ರ ಅಂತ್ಯಕ್ಕೆ ಸುಮಾರು 1,84,000, 1966ರ ಅಂತ್ಯಕ್ಕೆ 3,85,000, 1967ರ ಅಂತ್ಯಕ್ಕೆ 4,85,000 ಹಾಗೂ 1968ರ ಅಂತ್ಯಕ್ಕೆ 5,36,000 ಆಯಿತು.

ಯುದ್ಧದ ಮಾನವ ಹಾನಿ

1965ರಲ್ಲಿ ಸುಮಾರು 1,900 ಅಮೆರಿಕನ್ ಸೈನಿಕರು ಮೃತಪಟ್ಟರು. 1966ರಲ್ಲಿ ಈ ಸಂಖ್ಯೆ 6,000ವನ್ನೂ 1967ರಲ್ಲಿ 11,000ವನ್ನೂ ದಾಟಿತು. 1968ರ ಒಂದೇ ವರ್ಷದಲ್ಲಿ 16,000ಕ್ಕೂ ಹೆಚ್ಚು ಮಂದಿ ಸತ್ತರು. ಯುದ್ಧ ಮುಗಿಯುವ ವೇಳೆಗೆ ಸತ್ತ ಅಮೆರಿಕನ್ನರು 58,000ಕ್ಕೂ ಹೆಚ್ಚು. ಆಸ್ಪತ್ರೆಗೆ ಸೇರಬೇಕಾದಷ್ಟು ಗಾಯಗೊಂಡವರು ಸುಮಾರು ಒಂದೂವರೆ ಲಕ್ಷ.

ಈ ಹೊರೆ ಸಮನಾಗಿ ಹಂಚಿಕೆಯಾಗಲಿಲ್ಲ. ಕಡ್ಡಾಯ ಸೇನಾ ಭರ್ತಿಯಿಂದ ಕಾಲೇಜು ವಿದ್ಯಾರ್ಥಿಗಳಿಗೆ ವಿನಾಯಿತಿ ದೊರೆಯುತ್ತಿದ್ದ ಕಾರಣ ಕಾರ್ಮಿಕರ ಮತ್ತು ಬಡವರ ಮಕ್ಕಳೇ ಹೆಚ್ಚಾಗಿ ಯುದ್ಧಕ್ಕೆ ಹೋದರು. ಆರಂಭದ ವರ್ಷಗಳಲ್ಲಿ ಮಡಿದವರಲ್ಲಿ ಕಪ್ಪು ಸೈನಿಕರ ಪ್ರಮಾಣ ಜನಸಂಖ್ಯೆಯಲ್ಲಿ ಅವರಿಗಿದ್ದ ಪಾಲಿಗಿಂತ ಹೆಚ್ಚಾಗಿತ್ತು. 1966ರಲ್ಲಿ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಮ್ಯಾಕ್‌ನಮಾರಾ ಆರಂಭಿಸಿದ ಯೋಜನೆಯೊಂದರಲ್ಲಿ, ಸೇನೆಯ ಅರ್ಹತಾ ಪರೀಕ್ಷೆಯಲ್ಲಿ ಹಿಂದೆ ಅನುತ್ತೀರ್ಣರಾಗುತ್ತಿದ್ದವರನ್ನೂ ಸೇರಿಸಿಕೊಳ್ಳಲಾಯಿತು. ಬಡ ಯುವಕರಿಗೆ ತರಬೇತಿ ನೀಡುವ ಬಡತನ ನಿವಾರಣಾ ಕ್ರಮವೆಂದು ಇದನ್ನು ಬಣ್ಣಿಸಲಾಗಿತ್ತು. ಇದರಡಿ ಸೇರಿದ ಮೂರು ಲಕ್ಷಕ್ಕೂ ಹೆಚ್ಚು ಮಂದಿಯಲ್ಲಿ ಬಹಳಷ್ಟು ಜನರನ್ನು ಕಾಲಾಳುಗಳಾಗಿ ಯುದ್ಧಭೂಮಿಗೆ ಕಳುಹಿಸಲಾಯಿತು. ಜಾನ್ಸನ್ ಅವರ ಇಬ್ಬರು ಅಳಿಯಂದಿರೂ ವಿಯೆಟ್ನಾಂನಲ್ಲಿ ಸೇವೆ ಸಲ್ಲಿಸಿದರು. ಹಿರಿಯ ಮಗಳ ಪತಿ ಚಾರ್ಲ್ಸ್ ರಾಬ್ ಮದುವೆಯಾದ ಕೆಲವೇ ತಿಂಗಳಲ್ಲಿ ಯುದ್ಧಕ್ಕೆ ತೆರಳಿದರು.

ವಿಯೆಟ್ನಾಂ ಜನತೆ ತೆತ್ತ ಬೆಲೆ ಇದಕ್ಕಿಂತ ಹಲವು ಪಟ್ಟು ದೊಡ್ಡದು. ಇಡೀ ಯುದ್ಧದಲ್ಲಿ ಕಮ್ಯುನಿಸ್ಟ್ ಪಕ್ಷದ ಕಡೆಯ 11 ಲಕ್ಷ ಯೋಧರು ಮತ್ತು ಎರಡೂ ಭಾಗಗಳ ಸುಮಾರು 20 ಲಕ್ಷ ನಾಗರಿಕರು ಸತ್ತರೆಂದು 1995ರಲ್ಲಿ ವಿಯೆಟ್ನಾಂ ಸರ್ಕಾರ ಅಂದಾಜಿಸಿತು. ದಕ್ಷಿಣ ವಿಯೆಟ್ನಾಂನ ಎರಡು ಲಕ್ಷಕ್ಕೂ ಹೆಚ್ಚು ಸೈನಿಕರು ಮಡಿದರು. 1968ರ ಮಾರ್ಚ್ 16ರಂದು ಮೈ ಲಾಯ್ ಎಂಬ ಹಳ್ಳಿಯಲ್ಲಿ ಅಮೆರಿಕನ್ ಸೈನಿಕರು ನೂರಾರು ನಿರಾಯುಧ ಗ್ರಾಮಸ್ಥರನ್ನು ಕೊಂದರು. ವಿಯೆಟ್ನಾಂನ ಲೆಕ್ಕದಂತೆ ಸತ್ತವರು 504 ಮಂದಿ. ಈ ಹತ್ಯಾಕಾಂಡ ಜಗತ್ತಿಗೆ ತಿಳಿದದ್ದು ಜಾನ್ಸನ್ ಅಧಿಕಾರದಿಂದ ಇಳಿದ ಬಳಿಕ, 1969ರ ನವೆಂಬರ್‌ನಲ್ಲಿ. ಗೆರಿಲ್ಲಾಗಳಿಗೆ ಆಸರೆಯಾಗಿದ್ದ ಕಾಡುಗಳನ್ನೂ ಬೆಳೆಗಳನ್ನೂ ನಾಶಪಡಿಸಲು 1962ರಿಂದ 1971ರವರೆಗೆ ವಿಮಾನಗಳಿಂದ ಕೋಟ್ಯಂತರ ಲೀಟರ್ ಸಸ್ಯನಾಶಕಗಳನ್ನು ಸಿಂಪಡಿಸಲಾಯಿತು. ಇವುಗಳಲ್ಲಿ ಪ್ರಮುಖವಾದ 'ಏಜೆಂಟ್ ಆರೆಂಜ್' ಡಯಾಕ್ಸಿನ್ ಎಂಬ ವಿಷವನ್ನು ಒಳಗೊಂಡಿತ್ತು.

ಆರ್ಥಿಕ ಹೊರೆ

ಯುದ್ಧದ ವೆಚ್ಚವನ್ನು ಬಹಿರಂಗಪಡಿಸಿದರೆ ಸುಧಾರಣೆಗಳಿಗೆ ಕತ್ತರಿ ಬೀಳುತ್ತದೆಂದು ಜಾನ್ಸನ್ ಅಂಜಿದರು. 1964ರಲ್ಲಿ ಅವರೇ ತೆರಿಗೆ ಇಳಿಸಿದ್ದರು. 1965ರ ಕೊನೆಯಲ್ಲಿ ಆರ್ಥಿಕ ಸಲಹೆಗಾರರ ಮಂಡಳಿಯ ಅಧ್ಯಕ್ಷ ಗಾರ್ಡ್ನರ್ ಆಕ್ಲಿ ತೆರಿಗೆ ಏರಿಸದಿದ್ದರೆ ಬೆಲೆಯೇರಿಕೆ ಅನಿವಾರ್ಯವೆಂದು ಎಚ್ಚರಿಸಿದರೂ ಅಧ್ಯಕ್ಷರು ಒಪ್ಪಲಿಲ್ಲ. ಅದೇ ಡಿಸೆಂಬರ್‌ನಲ್ಲಿ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಬಡ್ಡಿದರವನ್ನು ಏರಿಸಿದಾಗ ಅದರ ಅಧ್ಯಕ್ಷ ವಿಲಿಯಂ ಮಾರ್ಟಿನ್ ಅವರನ್ನು ಜಾನ್ಸನ್ ತಮ್ಮ ಟೆಕ್ಸಾಸ್ ಮನೆಗೆ ಕರೆಸಿ ಕಟುವಾಗಿ ಆಕ್ಷೇಪಿಸಿದರು.

1966ರ ಜನವರಿಯಲ್ಲಿ ಮಂಡಿಸಿದ ಆಯವ್ಯಯವು ಯುದ್ಧ 1967ರ ಜೂನ್ 30ರೊಳಗೆ ಮುಗಿಯುತ್ತದೆಂಬ ಊಹೆಯ ಮೇಲೆ ನಿಂತಿತ್ತು. ವಾಸ್ತವದಲ್ಲಿ ಆ ವರ್ಷದ ಯುದ್ಧವೆಚ್ಚ ಅಂದಾಜಿನ ಸುಮಾರು ಎರಡರಷ್ಟಾಯಿತು. 1967ರಲ್ಲಿ ಜಾನ್ಸನ್ ಕೊನೆಗೂ ಆದಾಯ ತೆರಿಗೆಯ ಮೇಲೆ ಮೇಲ್ತೆರಿಗೆ ವಿಧಿಸಲು ಸಂಸತ್ತನ್ನು ಕೋರಿದರು. ಪ್ರತಿನಿಧಿ ಸಭೆಯ ಹಣಕಾಸು ಸಮಿತಿಯ ಅಧ್ಯಕ್ಷ ವಿಲ್ಬರ್ ಮಿಲ್ಸ್, ಮೊದಲು ಸರ್ಕಾರದ ಖರ್ಚು ಕಡಿತವಾಗಬೇಕೆಂದು ಪಟ್ಟುಹಿಡಿದರು. ಶೇ. 10ರ ಮೇಲ್ತೆರಿಗೆ ಜಾರಿಗೆ ಬಂದದ್ದು 1968ರ ಜೂನ್‌ನಲ್ಲಿ. ಅದರ ಜೊತೆಗೆ 600 ಕೋಟಿ ಡಾಲರುಗಳ ಖರ್ಚು ಕಡಿತವನ್ನೂ ಜಾನ್ಸನ್ ಒಪ್ಪಬೇಕಾಯಿತು.

ಅಷ್ಟರಲ್ಲಿ 1968ರ ಆರ್ಥಿಕ ವರ್ಷದ ಕೊರತೆ ಸುಮಾರು 2,500 ಕೋಟಿ ಡಾಲರಿಗೆ ಮುಟ್ಟಿತ್ತು. 1965ರಲ್ಲಿ ಶೇ. 2ಕ್ಕಿಂತ ಕಡಿಮೆಯಿದ್ದ ಹಣದುಬ್ಬರ 1969ರಲ್ಲಿ ಶೇ. 5ನ್ನು ಮೀರಿತು. ಡಾಲರಿನ ಮೇಲಿನ ವಿಶ್ವಾಸ ಕುಸಿದು ಹೂಡಿಕೆದಾರರು ಚಿನ್ನದ ಕಡೆಗೆ ಮುಗಿಬಿದ್ದುದರಿಂದ 1968ರ ಮಾರ್ಚ್‌ನಲ್ಲಿ ಲಂಡನ್ನಿನ ಚಿನ್ನದ ಮಾರುಕಟ್ಟೆಯನ್ನು ಕೆಲದಿನ ಮುಚ್ಚಬೇಕಾಯಿತು. ಡಾಲರಿಗೂ ಚಿನ್ನಕ್ಕೂ ಇದ್ದ ನಂಟು 1971ರಲ್ಲಿ ಕಡಿದುಬಿದ್ದುದಕ್ಕೆ ಯುದ್ಧಕಾಲದ ಈ ಹಣಕಾಸು ನೀತಿಯೂ ಒಂದು ಕಾರಣವೆಂದು ಅರ್ಥಶಾಸ್ತ್ರಜ್ಞರು ಪರಿಗಣಿಸುತ್ತಾರೆ.

1965ರಿಂದ 1975ರವರೆಗಿನ ಯುದ್ಧದ ನೇರ ಸೇನಾ ವೆಚ್ಚ ಅಂದಿನ ಬೆಲೆಯಲ್ಲಿ ಸುಮಾರು 11,100 ಕೋಟಿ ಡಾಲರ್ ಎಂದು ಅಮೆರಿಕದ ಸಂಸತ್ತಿನ ಸಂಶೋಧನಾ ಸೇವೆ 2010ರಲ್ಲಿ ಲೆಕ್ಕ ಹಾಕಿದೆ; 2011ರ ಬೆಲೆಯಲ್ಲಿ ಇದು 73,800 ಕೋಟಿ ಡಾಲರಿಗೆ ಸಮ. ಗಾಯಾಳು ಯೋಧರ ಪಿಂಚಣಿ, ಚಿಕಿತ್ಸೆ ಮತ್ತು ಸಾಲದ ಬಡ್ಡಿ ಇದರಲ್ಲಿ ಸೇರಿಲ್ಲ. ಹೋಲಿಕೆಗೆ, ಬಡತನ ನಿವಾರಣೆಗೆಂದೇ ಸ್ಥಾಪಿಸಿದ್ದ ಆರ್ಥಿಕ ಅವಕಾಶಗಳ ಕಚೇರಿಯ ಅನುದಾನ ಜಾನ್ಸನ್ ಕಾಲದ ಯಾವ ವರ್ಷದಲ್ಲಿಯೂ 200 ಕೋಟಿ ಡಾಲರನ್ನು ಮುಟ್ಟಲಿಲ್ಲ. ನಾಗರಿಕ ಹಕ್ಕುಗಳ ಹೋರಾಟದಲ್ಲಿ ಜಾನ್ಸನ್ ಅವರ ಜೊತೆಗಿದ್ದ ಮಾರ್ಟಿನ್ ಲೂಥರ್ ಕಿಂಗ್, 1967ರ ಏಪ್ರಿಲ್ 4ರಂದು ನ್ಯೂಯಾರ್ಕಿನಲ್ಲಿ ಯುದ್ಧವನ್ನು ಬಹಿರಂಗವಾಗಿ ಖಂಡಿಸಿದರು. ಬಡವರಿಗೆ ಸಲ್ಲಬೇಕಾದ ಹಣವನ್ನೂ ಬಡವರ ಮಕ್ಕಳನ್ನೂ ಯುದ್ಧ ಒಟ್ಟಿಗೇ ಕಸಿದುಕೊಳ್ಳುತ್ತಿದೆ ಎಂಬುದು ಅವರ ವಾದವಾಗಿತ್ತು.

ಭಾರತದೊಂದಿಗಿನ ಸಂಬಂಧ

1965 ಮತ್ತು 1966ರಲ್ಲಿ ಮಳೆ ಕೈಕೊಟ್ಟು ಭಾರತ ತೀವ್ರ ಆಹಾರ ಕೊರತೆಯನ್ನು ಎದುರಿಸಿತು. ಪಿ.ಎಲ್. 480 ಎಂದು ಹೆಸರಾದ ಕಾನೂನಿನಡಿ ಅಮೆರಿಕದಿಂದ ಬರುತ್ತಿದ್ದ ಗೋಧಿಯೇ ಆಗ ಪ್ರಮುಖ ಆಸರೆ. 1966ರಲ್ಲಿ ಭಾರತ ಆಮದು ಮಾಡಿಕೊಂಡ ಸುಮಾರು ಒಂದು ಕೋಟಿ ಟನ್ ಧಾನ್ಯದಲ್ಲಿ ಬಹುಪಾಲು ಅಮೆರಿಕದ್ದು. ಆದರೆ ಜಾನ್ಸನ್ ದೀರ್ಘಾವಧಿ ಒಪ್ಪಂದದ ಬದಲು ಸ್ವಲ್ಪ ಸ್ವಲ್ಪವಾಗಿ, ಪ್ರತಿ ಕಂತಿಗೂ ತಾವೇ ಒಪ್ಪಿಗೆ ನೀಡುವ ಕ್ರಮವನ್ನು ಅನುಸರಿಸಿದರು. ಭಾರತ ಕೃಷಿಗೆ ಹೆಚ್ಚು ಹಣ ತೊಡಗಿಸಬೇಕೆಂಬುದು ಇದರ ಘೋಷಿತ ಉದ್ದೇಶ. ವಿಯೆಟ್ನಾಂ ಮೇಲಿನ ಬಾಂಬ್ ದಾಳಿಯನ್ನು ಪ್ರಧಾನಿ ಇಂದಿರಾ ಗಾಂಧಿ ಟೀಕಿಸಿದ್ದು ಜಾನ್ಸನ್ ಅವರಿಗೆ ಅಸಮಾಧಾನ ತಂದಿತ್ತು, ಧಾನ್ಯದ ಹಡಗುಗಳು ತಡವಾಗಲು ಅದೂ ಕಾರಣವೆಂಬ ಅಭಿಪ್ರಾಯ ಭಾರತದಲ್ಲಿ ಬಲವಾಗಿತ್ತು. ಆಹಾರ ಸಚಿವ ಸಿ. ಸುಬ್ರಮಣ್ಯಂ ಅವರ ನೇತೃತ್ವದಲ್ಲಿ ಹಸಿರು ಕ್ರಾಂತಿಗೆ ವೇಗ ದೊರೆಯಲು ಈ ಅವಮಾನದ ಅನುಭವವೂ ಪ್ರೇರಣೆಯಾಯಿತು.

ಪದತ್ಯಾಗ

1968ರ ಜನವರಿ ಕೊನೆಯಲ್ಲಿ, ವಿಯೆಟ್ನಾಂನ ಹೊಸವರ್ಷದ ಹಬ್ಬವಾದ ಟೆಟ್ ಸಂದರ್ಭದಲ್ಲಿ, ಕಮ್ಯುನಿಸ್ಟ್ ಪಡೆಗಳು ದಕ್ಷಿಣದ ನಗರಗಳ ಮೇಲೆ ಏಕಕಾಲಕ್ಕೆ ದಾಳಿ ಮಾಡಿದವು. ಸೈಗಾನ್‌ನ ಅಮೆರಿಕನ್ ರಾಯಭಾರ ಕಚೇರಿಯ ಆವರಣಕ್ಕೂ ನುಗ್ಗಿದವು. ದಾಳಿಕೋರರು ಅಪಾರ ನಷ್ಟ ಅನುಭವಿಸಿ ಹಿಮ್ಮೆಟ್ಟಿದರೂ, ಗೆಲುವು ಸಮೀಪಿಸಿದೆ ಎಂಬ ಸರ್ಕಾರದ ಮಾತನ್ನು ಅಮೆರಿಕದ ಜನ ನಂಬದಾದರು. ಇನ್ನೂ 2,06,000 ಸೈನಿಕರು ಬೇಕೆಂಬ ಸೇನೆಯ ಬೇಡಿಕೆಯನ್ನು ಪರಿಶೀಲಿಸಿದ ಹೊಸ ರಕ್ಷಣಾ ಕಾರ್ಯದರ್ಶಿ ಕ್ಲಾರ್ಕ್ ಕ್ಲಿಫರ್ಡ್, ಯುದ್ಧಕ್ಕೆ ಕೊನೆಯೇ ಕಾಣುತ್ತಿಲ್ಲವೆಂಬ ತೀರ್ಮಾನಕ್ಕೆ ಬಂದರು.

ಮಾರ್ಚ್ 12ರಂದು ನ್ಯೂ ಹ್ಯಾಂಪ್‌ಶೈರ್‌ನ ಪಕ್ಷದ ಆಂತರಿಕ ಚುನಾವಣೆಯಲ್ಲಿ ಯುದ್ಧವಿರೋಧಿ ಸೆನೆಟರ್ ಯೂಜೀನ್ ಮೆಕಾರ್ಥಿ ಶೇ. 42ರಷ್ಟು ಮತ ಪಡೆದರು. ಮಾರ್ಚ್ 31ರ ರಾತ್ರಿ ದೂರದರ್ಶನ ಭಾಷಣದಲ್ಲಿ ಜಾನ್ಸನ್ ಉತ್ತರ ವಿಯೆಟ್ನಾಂನ ಬಹುಭಾಗದ ಮೇಲೆ ಬಾಂಬ್ ದಾಳಿ ನಿಲ್ಲಿಸುವುದಾಗಿಯೂ ತಾವು ಮತ್ತೆ ಚುನಾವಣೆಗೆ ಸ್ಪರ್ಧಿಸುವುದಿಲ್ಲವೆಂದೂ ಪ್ರಕಟಿಸಿದರು. ಮೇ ತಿಂಗಳಲ್ಲಿ ಪ್ಯಾರಿಸ್‌ನಲ್ಲಿ ಶಾಂತಿ ಮಾತುಕತೆ ಆರಂಭವಾಯಿತಾದರೂ ಅವರ ಅವಧಿಯಲ್ಲಿ ಫಲ ನೀಡಲಿಲ್ಲ. ನವೆಂಬರ್ ಚುನಾವಣೆಯಲ್ಲಿ ರಿಚರ್ಡ್ ನಿಕ್ಸನ್ ಗೆದ್ದರು.

ನಿಧನ

ನಿವೃತ್ತಿಯ ನಂತರ ಜಾನ್ಸನ್ ಟೆಕ್ಸಾಸ್‌ನ ತಮ್ಮ ಹೊಲಮನೆಯಲ್ಲಿ ನೆಲೆಸಿ ಆತ್ಮಕಥನವನ್ನು ಬರೆದರು. 1971ರಲ್ಲಿ ಆಸ್ಟಿನ್ ನಗರದಲ್ಲಿ ಅವರ ಅಧ್ಯಕ್ಷೀಯ ಗ್ರಂಥಾಲಯ ಆರಂಭವಾಯಿತು. 1973ರ ಜನವರಿ 22ರಂದು ಹೃದಯಾಘಾತದಿಂದ ನಿಧನರಾದಾಗ ಅವರಿಗೆ 64 ವರ್ಷ. ಮರುದಿನವೇ ನಿಕ್ಸನ್ ವಿಯೆಟ್ನಾಂ ಒಪ್ಪಂದವನ್ನು ಪ್ರಕಟಿಸಿದರು. ಜನವರಿ 27ರಂದು ಪ್ಯಾರಿಸ್‌ನಲ್ಲಿ ಅದಕ್ಕೆ ಸಹಿ ಬಿದ್ದಿತು. ಆದರೂ ಕಾದಾಟ ನಿಲ್ಲಲಿಲ್ಲ. 1975ರ ಏಪ್ರಿಲ್ 30ರಂದು ಸೈಗಾನ್ ಉತ್ತರದ ಪಡೆಗಳ ವಶವಾಗುವುದರೊಂದಿಗೆ ಯುದ್ಧ ಮುಗಿಯಿತು.

ಪರಂಪರೆ

ಜಾನ್ಸನ್ ಅವರ ಅಧ್ಯಕ್ಷಗಿರಿಯನ್ನು ಇತಿಹಾಸಕಾರರು ಎರಡು ಭಾಗಗಳಾಗಿ ನೋಡುತ್ತಾರೆ. ಮೆಡಿಕೇರ್, ಮೆಡಿಕೇಡ್ ಮತ್ತು ನಾಗರಿಕ ಹಕ್ಕುಗಳ ಕಾಯಿದೆಗಳು ಇಂದಿಗೂ ಅಮೆರಿಕದ ಸಾಮಾಜಿಕ ವ್ಯವಸ್ಥೆಯ ಆಧಾರಸ್ತಂಭಗಳಾಗಿವೆ. ಮತ್ತೊಂದೆಡೆ, ಯುದ್ಧದ ನಿಜವಾದ ಪ್ರಮಾಣವನ್ನೂ ವೆಚ್ಚವನ್ನೂ ಜನರಿಂದ ಮರೆಮಾಡಿದ್ದು ಸರ್ಕಾರದ ಮಾತಿನ ಮೇಲಿನ ನಂಬಿಕೆಯನ್ನು ಕುಗ್ಗಿಸಿತು. ಅಧ್ಯಕ್ಷರು ಸಂಸತ್ತಿನ ಒಪ್ಪಿಗೆಯಿಲ್ಲದೆ ದೀರ್ಘಕಾಲ ಯುದ್ಧ ನಡೆಸದಂತೆ ತಡೆಯುವ ಯುದ್ಧಾಧಿಕಾರ ನಿರ್ಣಯ 1973ರಲ್ಲಿ ಅಂಗೀಕಾರವಾಯಿತು. ಕಡ್ಡಾಯ ಸೇನಾ ಭರ್ತಿಯೂ ಅದೇ ವರ್ಷ ಕೊನೆಗೊಂಡಿತು. ಹ್ಯೂಸ್ಟನ್‌ನ ಬಾಹ್ಯಾಕಾಶ ಕೇಂದ್ರಕ್ಕೆ ಜಾನ್ಸನ್ ಅವರ ಹೆಸರಿಡಲಾಗಿದೆ. ವಾಷಿಂಗ್ಟನ್‌ನಲ್ಲಿ 1982ರಲ್ಲಿ ನಿರ್ಮಾಣವಾದ ವಿಯೆಟ್ನಾಂ ಯೋಧರ ಸ್ಮಾರಕದ ಕಪ್ಪು ಕಲ್ಲಿನ ಗೋಡೆಯ ಮೇಲೆ ಆ ಯುದ್ಧದಲ್ಲಿ ಮಡಿದ 58,000ಕ್ಕೂ ಹೆಚ್ಚು ಅಮೆರಿಕನ್ನರ ಹೆಸರುಗಳನ್ನು ಕೆತ್ತಲಾಗಿದೆ.